ಹೇಳದೆ ಹೊರಟ ಪಯಣ
(ಬಾನುಲಿ ಭಾಷಣ)



ಪ್ರವಾಸ ಸಾಹಿತ್ಯವನ್ನು ಮೂವತ್ತೆರಡು ವರ್ಷಗಳ ಕಾಲ ತರಗತಿಯಲ್ಲಿ ಪಾಠ ಹೇಳಿದವನು ನಾನು. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವೆಲ್ಲ ನನಗೆ ಹೆಚ್ಚುಕಡಿಮೆ ಬಾಯಿಪಾಠವಾಗಿದ್ದವು. ಆದರೆ ಪಾಠ ಹೇಳಿದವನು ಮಾತ್ರ ಕೆಲಸವಿಲ್ಲದೆ ಧಾರವಾಡ ಬಿಟ್ಟು ಹುಬ್ಬಳ್ಳಿಯ ಆಚೆಗೆ ಹೋದವನಲ್ಲ.

“ಒಮ್ಮೆ ನೇಪಾಳಕ್ಕ ಹೋಗಿ ಪಶುಪತಿನಾಥನ್ನ ನೋಡಿ ಬರೂಣ್ರಿ” ಎಂದು ನನ್ನ ಮಡದಿ ಪ್ರತಿ ಬೇಸಗೆಯಲ್ಲೂ ಹೇಳುತ್ತಿದ್ದಳು. “ಪೇಪರ್ ತಿದ್ದೂದು ಮುಗೀಲಿ” ಎಂಬುದು ನನ್ನ ಪ್ರತಿ ಬೇಸಗೆಯ ಉತ್ತರ. ಪೇಪರುಗಳು ಮುಗಿದವು, ನಿವೃತ್ತಿಯೂ ಆಯಿತು. 2023ರ ಮಳೆಗಾಲದಲ್ಲಿ ಅವಳೇ ಇಲ್ಲವಾದಳು.

ಆ ವರ್ಷದ ಕಾರ್ತಿಕದಲ್ಲಿ, ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಹೊರಡುವ ರೈಲಿನಲ್ಲಿ ಕಾಶಿಗೆ ಹೋದೆ; ಅಸ್ಥಿಯನ್ನು ಗಂಗೆಗೆ ಬಿಟ್ಟೆ. ಮರಳುವ ರೈಲಿಗೆ ಇನ್ನೂ ದಿನಗಳಿದ್ದವು. ಬಸ್ ನಿಲ್ದಾಣದ ಬಳಿ ಸುಮ್ಮನೆ ತಿರುಗುತ್ತಿರಲು ‘ಸೋನೌಲಿ’ ಎಂಬ ಫಲಕ ಕಣ್ಣಿಗೆ ಬಿತ್ತು. ನೇಪಾಳದ ಗಡಿಯ ಊರು ಅದು. ಕೈಯಲ್ಲಿ ಒಂದು ಚೀಲ, ಕಿಸೆಯಲ್ಲಿ ಮತದಾರರ ಗುರುತಿನ ಚೀಟಿ. ಯೋಚಿಸುತ್ತ ನಿಂತಿದ್ದರೆ ಹೋಗುತ್ತಿರಲಿಲ್ಲವೇನೋ; ಹತ್ತಿ ಕುಳಿತೇ ಬಿಟ್ಟೆ.

ಭಾರತ ಮತ್ತು ನೇಪಾಳಗಳ ನಡುವೆ 1950ರ ಜುಲೈ 31ರಂದು ಆದ ಒಡಂಬಡಿಕೆಯ ದೆಸೆಯಿಂದ ನಮ್ಮವರಿಗೆ ಅಲ್ಲಿ ವೀಸಾ ಬೇಕಿಲ್ಲ. ಒಂದು ಕಮಾನು ದಾಟಿದರೆ ದೇಶ ಬೇರೆ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಬೇಕು. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ. ಅವರ ಪಂಚಾಂಗವಂತೂ ನಮಗಿಂತ ಸುಮಾರು ಐವತ್ತೇಳು ವರ್ಷ ಮುಂದೆ. ನಾಗರಿ ಲಿಪಿಯಾದ್ದರಿಂದ ಫಲಕಗಳನ್ನೆಲ್ಲ ಓದಬಲ್ಲೆ, ಅರ್ಥ ಮಾತ್ರ ಅರೆಬರೆ. ಜೀವಮಾನವೆಲ್ಲ ಪದಗಳ ಅರ್ಥ ಬಿಡಿಸಿ ಹೇಳಿದವನು ಅರವತ್ತು ದಾಟಿದ ಮೇಲೆ ಒಂದನೆಯ ಇಯತ್ತೆಗೆ ಸೇರಿದಂತಾಯಿತು. ಕಿಸೆಯ ಫೋನೂ ಮೂಕವಾಗಿತ್ತು.

ರಾತ್ರಿಯ ಬಸ್ಸಿನಲ್ಲಿ ಗುಡ್ಡ ಕಣಿವೆಗಳನ್ನು ದಾಟಿ ಮುಂಜಾನೆ ಕಾಠ್ಮಂಡುವನ್ನು ಸೇರಿದೆ. ಅಪರಿಚಿತ ದೇಶವೆಂಬ ಅಂಜಿಕೆಗೆ ನಾನು ಓದಿದ ಇತಿಹಾಸವನ್ನೇ ಮದ್ದಾಗಿ ಮಾಡಿಕೊಂಡಿದ್ದೆ. 1097ರಲ್ಲಿ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶದ ಹೆಸರೇ ಕರ್ಣಾಟ ವಂಶ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡಿನೊಡನೆ ಬಡಗಣಕ್ಕೆ ಹೋದ ಕನ್ನಡ ಯೋಧರ ಕಡೆಯವನು ಅವನೆಂಬುದು ಹಲವು ಇತಿಹಾಸಕಾರರ ಮತ. ಆ ಸಿಮ್ರೌನ್‌ಗಢ ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಪಶುಪತಿನಾಥನ ಮುಖ್ಯ ಅರ್ಚಕರಾದ ಭಟ್ಟರೂ ದಕ್ಷಿಣದವರೇ. ಅವರಲ್ಲಿ ಅನೇಕರು ನಮ್ಮ ಕರಾವಳಿಯವರು. 2008ರ ಕೊನೆಯಲ್ಲಿ ನೇಪಾಳದವರನ್ನೇ ನೇಮಿಸಲು ಹೋಗಿ ವಿವಾದವೆದ್ದಾಗ ಹಳೆಯ ಪದ್ಧತಿಯೇ ಉಳಿದುಕೊಂಡಿತು.

ಇಷ್ಟೆಲ್ಲ ತಿಳಿದಿದ್ದ ಪಂಡಿತನಿಗೆ ಬಾಗಮತಿಯ ದಂಡೆಯಲ್ಲಿ ಒಂದು ಕಪ್ಪು ಚಹ ಕೇಳಲು ಮಾತು ಬರಲಿಲ್ಲ. ದೇವರ ದರ್ಶನ ಮಾಡಿ ಹೊರಬಂದು ಚಹದಂಗಡಿಯ ಮುಂದೆ ನಿಂತು ಬೆರಳೆತ್ತಿ ತೋರಿಸಿದೆ. ಅಂಗಡಿಯ ಹೆಂಗಸು ಎರಡು ಕಪ್ಪು ತಂದಿಟ್ಟಳು. ತಪ್ಪು ಅವಳದಲ್ಲ. ನಾನು ತೋರಿಸಿದ್ದು ಎರಡು ಬೆರಳು. ಮೂವತ್ತೈದು ವರ್ಷಗಳ ರೂಢಿ. ನದಿಯ ಆಚೆ ಘಟ್ಟದ ಮೇಲೆ ಯಾರದೋ ಚಿತೆ ಉರಿಯುತ್ತಿತ್ತು. ನಾನು ಆ ಎರಡನೆಯ ಕಪ್ಪನ್ನು ನೋಡುತ್ತ ಕುಳಿತೆ. ಅದು ಆರಿಹೋದುದನ್ನು ಕಂಡು ಆ ತಾಯಿ ಏನನ್ನೂ ಕೇಳದೆ ತೆಗೆದುಕೊಂಡು ಹೋಗಿ, ಬಿಸಿ ಮಾಡಿ ಮತ್ತೆ ತಂದಿಟ್ಟಳು. ಅದನ್ನೂ ಕುಡಿದೆ. ಅವಳು ಹಣ ಹಿಡಿದದ್ದು ಒಂದೇ ಕಪ್ಪಿಗೆ.

ಸಂಜೆ ಒಂದು ಅಂಗಡಿಯಿಂದ ಮಗಳಿಗೆ ಫೋನು ಮಾಡಿದೆ. ಎರಡು ದಿನ ನನ್ನ ಸುದ್ದಿಯಿಲ್ಲದೆ ಅವಳು ಅನ್ನ ಬಿಟ್ಟಿದ್ದಳು. “ಅಪ್ಪಾ, ಯಾರಿಗೆ ಹೇಳಿ ಹೋಗೀರಿ?” ಎಂದು ಅತ್ತಳು. ನನ್ನಲ್ಲಿ ಉತ್ತರವಿರಲಿಲ್ಲ. ಹೇಳದೆ ಹೋದದ್ದು ತಪ್ಪು. ಈ ಮಾತಿಗೆ ಅಲಂಕಾರ ಬೇಡ.

ಗೋಕಾಕರು ಓದಲೆಂದು ಹೋದರು, ಗೊರೂರರು ಮಕ್ಕಳಿದ್ದಲ್ಲಿಗೆ ಹೋದರು. ಯಾರೂ ಕರೆಯದೆ, ಯಾವ ಕೆಲಸವೂ ಇಲ್ಲದೆ ಒಬ್ಬನೇ ಹೋದವನಿಗೆ ಅಲ್ಲಿ ಸಿಗುವುದೇನು? ಸ್ವಾತಂತ್ರ್ಯವೆಂದು ಹೇಳುವವರುಂಟು. ನನಗೆ ಸಿಕ್ಕದ್ದು ಅದಲ್ಲ. ಪ್ರಾಧ್ಯಾಪಕನೆಂಬ ಹೆಸರೂ ಅಲ್ಲಿ ನಡೆಯದು, ಭಾಷೆಯೂ ನಡೆಯದು. ಅನ್ಯರ ದಯೆಯೊಂದೇ ನಡೆಯುವ ನಾಣ್ಯ. ಮನೆಯಲ್ಲಿದ್ದಾಗಲೂ ನಾನು ಬದುಕಿದ್ದು ಅಂಥ ದಯೆಯಿಂದಲೇ ಎಂದು ತಿಳಿಯಲು ದೇಶವೊಂದನ್ನು ದಾಟಬೇಕಾಯಿತು. ತಿಳಿದಾಗ ಹೇಳಬೇಕಾದವಳು ಇರಲಿಲ್ಲ.

ಕೇಳುತ್ತಿರುವವರಲ್ಲಿ ಯಾರಾದರೂ ಪೇಪರ್ ತಿದ್ದುತ್ತ ಕುಳಿತಿದ್ದರೆ, ಈ ಬೇಸಗೆಯಲ್ಲಿ ಅದನ್ನು ಬದಿಗಿಡಿ. ಹೊರಡಿ; ಆದರೆ ಮನೆಯಲ್ಲಿ ಹೇಳಿ ಹೊರಡಿ. ಕೂಡಿದರೆ ಕರೆದುಕೊಂಡೇ ಹೊರಡಿ.