ಕಣ್ಣು ಕಂಡರೂ ಗುರುತು ಸಿಗದ ವ್ಯಾಧಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತ ಬಾಂಧವರೇ,

ಮನೆಯ ಹಿರಿಯರು ಹೆತ್ತ ಮಗನನ್ನೇ “ನೀನಾರು?” ಎಂದು ಕೇಳಿದರೆ ಅರಳುಮರಳೆಂದು ಗದರಬೇಡಿರಿ. ನೋಡುವುದು ಕಣ್ಣು, ಗುರುತು ಹಿಡಿಯುವುದು ಮಿದುಳು. ಮುಖವನ್ನೂ ವಸ್ತುವನ್ನೂ ಗುರುತಿಸುವ ಕೆಲಸ ಮಿದುಳಿನ ಹಿಂಬದಿ ಮತ್ತು ಪಕ್ಕದ ತಳಭಾಗಗಳದು. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ಮೊದಲು ವಿವರಿಸಿದ ವ್ಯಾಧಿ ಈ ಭಾಗಗಳಿಗೂ ಹಬ್ಬಿದರೆ, ಕಣ್ಣು ನೆಟ್ಟಗಿದ್ದರೂ ಗುರುತು ತಪ್ಪುತ್ತದೆ.

ಆಗ ಬೆಳೆಗೆ ಹೊಡೆಯುವ ಎಣ್ಣೆಯ ಬಾಟಲಿಯೂ ಕುಡಿಯುವ ನೀರಿನದೆಂದೇ ತೋರಬಹುದು. ಅದನ್ನು ಬೀಗ ಹಾಕಿ ಇಡಿರಿ. ಎದುರಿಗೆ ಬಂದು ನಿಮ್ಮ ಹೆಸರು ಹೇಳಿ ಮಾತನಾಡಿಸಿರಿ. ಮುಖ ಮರೆತವರೂ ದನಿಯಿಂದ ಗುರುತಿಸುವುದುಂಟು.

ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೂ ಕಣ್ಣಿನ ಪೊರೆಯೋ, ಮಿದುಳಿನ ವ್ಯಾಧಿಯೋ ಎಂದು ವೈದ್ಯರಿಂದ ತಿಳಿಯಿರಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆ ಉಂಟು.