ಉಸಿರಿಗಾಗಿ ಮೇಲೆ ಬರುವ ಜೀವ

ನಮ್ಮೂರು ಯಲ್ಲದಕೆರೆಯಲ್ಲಿ ಕೂತವರಿಗೆ ಕಡಲು ದೂರ. ಆದರೂ ನಮ್ಮ ಹೊಲಕ್ಕೆ ಬೀಳುವ ನಾಲ್ಕು ಹನಿ ಮುಂಗಾರು ಅರಬ್ಬಿ ಸಮುದ್ರದ ಕಡೆಯಿಂದಲೇ ಬರಬೇಕು. ಅದೇ ಸಮುದ್ರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಒಂದು ಸಣ್ಣ ಸಂತತಿ ಉಳಿದಿದೆ. ಬೇರೆಡೆಯ ಹಂಪ್‌ಬ್ಯಾಕ್‌ಗಳು ಸಾವಿರಾರು ಮೈಲಿ ವಲಸೆ ಹೋಗುತ್ತವೆ. ಇವು ವರ್ಷವಿಡೀ ಇಲ್ಲೇ. ಒಮಾನ್ ಕರಾವಳಿಯಲ್ಲಿ ವಿಜ್ಞಾನಿಗಳು ಅಂದಾಜಿಸಿದ್ದು ನೂರಕ್ಕೂ ಕಡಿಮೆ.

ತಿಮಿಂಗಿಲ ಮೀನಲ್ಲ. ನಮ್ಮ ಎಮ್ಮೆಯ ಹಾಗೆ ಮರಿಗೆ ಹಾಲೂಡಿಸುತ್ತದೆ, ಉಸಿರಿಗೆ ನೀರಿನ ಮೇಲೆ ಬರುತ್ತದೆ. ಗೋಡೆಯಂತೆ ಇಳಿಬಿಟ್ಟ ನೈಲಾನ್ ಬಲೆ ಬಾಲಕ್ಕೆ ಸುತ್ತಿಕೊಂಡರೆ ಮೇಲೇಳಲಾರದೆ, ನೀರಿನಲ್ಲೇ ಹುಟ್ಟಿದ ಜೀವ ನೀರಿನಲ್ಲೇ ಉಸಿರುಗಟ್ಟುತ್ತದೆ. ನೆನೆದರೆ ಕರುಳು ಚುರ್ ಎನ್ನುತ್ತದೆ.

ಮೀನುಗಾರನನ್ನು ದೂರಲಾರೆ. ಬಲೆಯೇ ಅವನ ನೇಗಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಿಮಿಂಗಿಲವನ್ನು ಹುಲಿಯ ಸಾಲಿನಲ್ಲೇ ಇಟ್ಟಿದೆ, ನಿಜ. ಆದರೆ ಸಿಕ್ಕಿಬಿದ್ದ ತಿಮಿಂಗಿಲವನ್ನು ಬಿಡಿಸಲು ಬಲೆ ಕತ್ತರಿಸಿದವನ ಮನೆಯ ಒಲೆಯೂ ಉರಿಯಬೇಕಲ್ಲ? ಮಹಾರಾಷ್ಟ್ರ 2018ರಲ್ಲಿ ಒಂದು ದಾರಿ ಹುಡುಕಿತು. ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕೊಯ್ದವರಿಗೆ 25,000 ರೂಪಾಯಿವರೆಗೆ ಪರಿಹಾರ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್‌ಗಾಗಿ ಇಂಥದ್ದು ಅದಕ್ಕೂ ಮೊದಲೇ ನಡೆದಿತ್ತು.

ನಡುಗಡಲಲ್ಲಿ, ಅಲುಗುವ ದೋಣಿಯ ಅಂಚಿಗೆ ಬಾಗಿ, ತನ್ನ ಬಲೆಯನ್ನು ತಾನೇ ಕೊಯ್ಯುವ ಆ ಕೈಯನ್ನು ಈ ಬೆಳಗ್ಗೆ ನೆನೆಯುತ್ತಿದ್ದೇನೆ.