ಓದು ಬಾರದವರಿಗೂ ಒಗ್ಗುವ ಯಂತ್ರ



ಚೊಂಬಿನ ಕುತ್ತಿಗೆ ಯಾಕೆ ಸಣ್ಣದು, ಯೋಚನೆ ಮಾಡೀರೇನು? ಕೈಗೆ ಹಿಡಿತ ಸಿಗಲಿ, ನೀರು ತುಳುಕದಿರಲಿ ಅಂತ. ನಾವು ಬಳಸುವ ಪ್ರತಿ ವಸ್ತುವಿನ ಹಿಂದೆ ಇಂಥ ಯೋಚನೆ ಇರುತ್ತದೆ. ಇವತ್ತು ಮತ ಹಾಕುವ ಯಂತ್ರದ ಕಥೆ ಹೇಳುತ್ತೇನೆ. ಇದರಲ್ಲಿ ಬೆಂಗಳೂರಿನ ಪಾಲಿದೆ, ಈ ಗೋವಾದ ಪಾಲೂ ಇದೆ.

ಮೊದಲು ಕಾಗದದ ಮತಪತ್ರ ಇತ್ತು. ಹಿರಿಯರಿಗೆ ನೆನಪಿರಬೇಕು. ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಬೇಕಿತ್ತು. ಮುದ್ರೆ ಇಬ್ಬರ ಗುರುತಿನ ಮೇಲೆ ಬಿದ್ದರೆ ಅದು ಕುಲಗೆಟ್ಟ ಮತ. ಎಣಿಕೆಗೇ ಇಲ್ಲ! ಒಂದು ದಿನದ ಕೂಲಿ ಬಿಟ್ಟು, ಬಿಸಿಲಲ್ಲಿ ಸಾಲು ನಿಂತು ಹಾಕಿದ ಮತ ಹಾಳಾಗುತ್ತಿತ್ತು. ಕೆಲವು ಕಡೆ ಗೂಂಡಾಗಳು ಬೂತಿಗೆ ನುಗ್ಗಿ ಕಟ್ಟುಗಟ್ಟಲೆ ಮತಪತ್ರಕ್ಕೆ ತಾವೇ ಮುದ್ರೆ ಒತ್ತುತ್ತಿದ್ದರು.

1977ರಲ್ಲಿ ಚುನಾವಣಾ ಆಯೋಗ ಯಂತ್ರದ ವಿಚಾರ ಎತ್ತಿತು. 1979ರಲ್ಲಿ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಮೊದಲ ಮಾದರಿ ಮಾಡಿತು. ಆಮೇಲೆ ಬೆಂಗಳೂರು ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ಕೈಗೂಡಿಸಿತು. ಯಂತ್ರದ ಹೊರರೂಪದ ಕೆಲಸ ಮಾಡಿದವರು ಮುಂಬೈ ಐ.ಐ.ಟಿ.ಯ ಎ. ಜಿ. ರಾವ್ ಮತ್ತು ರವಿ ಪೂವಯ್ಯ.

ಇದನ್ನು ಯಾರಿಗಾಗಿ ಮಾಡಬೇಕಿತ್ತು? ಅಕ್ಷರ ಬಾರದವರಿಗೆ, ಯಂತ್ರವನ್ನೇ ಮುಟ್ಟದವರಿಗೆ. ಕರೆಂಟ್ ಇಲ್ಲದ ಹಳ್ಳಿಗಳಿಗೆ. ಅದಕ್ಕೇ ಇದು ಬ್ಯಾಟರಿಯಿಂದ ನಡೆಯುತ್ತದೆ. ಯಂತ್ರಕ್ಕೆ ಎರಡು ಭಾಗ, ನಡುವೆ 5 ಮೀಟರ್ ತಂತಿ. ಒಂದು ಅಧಿಕಾರಿಯ ಮೇಜಿನ ಮೇಲೆ, ಇನ್ನೊಂದು ಮರೆಯಲ್ಲಿ. ಅಧಿಕಾರಿ ತನ್ನ ಬಟನ್ ಒತ್ತಿದರೆ ಮರೆಯಲ್ಲಿ ಹಸಿರು ದೀಪ ಹತ್ತುತ್ತದೆ. ನೀವು ಗುರುತಿನ ಪಕ್ಕದ ನೀಲಿ ಬಟನ್ ಒತ್ತುತ್ತೀರಿ. ಕೆಂಪು ದೀಪ ಹತ್ತಿ 'ಬೀಪ್' ಅಂತ ಸದ್ದಾಗುತ್ತದೆ. ಮತ್ತೆ ಎಷ್ಟು ಸಲ ಒತ್ತಿದರೂ ಎರಡನೇ ಮತ ಬೀಳದು. ಬೂತಿಗೆ ನುಗ್ಗಿದವನೂ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತ ಹಾಕಲಾರ. ಅಷ್ಟರೊಳಗೆ ಅಧಿಕಾರಿ ಯಂತ್ರ ಮುಚ್ಚಿಬಿಡಬಹುದು. ಈ ನಿಧಾನ ನನಗಂತೂ ಬಹಳ ಜಾಣತನ ಅನ್ನಿಸುತ್ತದೆ.

ಯಂತ್ರ ಆಯಿತು, ಕೆಲಸ ಮುಗಿಯಿತೇ? ಇಲ್ಲ. 1982ರಲ್ಲಿ ಕೇರಳದ ಪರವೂರಿನ 50 ಬೂತುಗಳಲ್ಲಿ ಮೊದಲ ಸಲ ಬಳಸಿದರು. ಸೋತವರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಬೂತುಗಳಲ್ಲಿ ಮರುಮತದಾನಕ್ಕೆ ಹೇಳಿತು. 1988ರಲ್ಲಿ ಕಾನೂನು ತಿದ್ದಿದರು. ಕೊನೆಗೆ 1999ರ ಜೂನ್‌ನಲ್ಲಿ ಗೋವಾದ ಎಲ್ಲಾ 40 ಕ್ಷೇತ್ರಗಳಿಗೂ ಯಂತ್ರ ಬಂತು. ಇಡೀ ರಾಜ್ಯ ಯಂತ್ರದಿಂದ ಮತ ಹಾಕಿದ್ದು ದೇಶದಲ್ಲಿ ಅದೇ ಮೊದಲು. ವಿಚಾರ ಹುಟ್ಟಿ ಆಗಲೇ 22 ವರ್ಷ ಆಗಿತ್ತು ನೋಡ್ರಿ.

ಆದರೂ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಬಟನ್ ಒತ್ತಿದೆ ಸರಿ, ನನ್ನ ಮತ ಎಲ್ಲಿಗೆ ಹೋಯಿತು? ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿ ಚೀಟಿ ತೋರಿಸುವ ಪೆಟ್ಟಿಗೆ ಸೇರಿಸಿದರು. 2017ರ ಚುನಾವಣೆಯಲ್ಲಿ ಅದನ್ನು ಎಲ್ಲಾ ಕ್ಷೇತ್ರಗಳಲ್ಲೂ ಇಟ್ಟ ಮೊದಲ ರಾಜ್ಯವೂ ಗೋವಾ.

ಇಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವವರಿಗೆ ಒಂದು ಮಾತು. ಯಂತ್ರದ ಮೇಲೆ ಕನ್ನಡ ಅಕ್ಷರ ಹುಡುಕಬೇಡಿ, ಇರುವುದಿಲ್ಲ. ಗುರುತು ಇದೆ, ಅಭ್ಯರ್ಥಿಯ ಫೋಟೋ ಇದೆ. ಬಟನ್ ಒತ್ತಿದ ಕೂಡಲೇ ಹೊರಗೆ ಬರಬೇಡಿ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ 7 ಸೆಕೆಂಡ್ ಚೀಟಿ ಕಾಣುತ್ತದೆ, ನಿಮ್ಮ ಗುರುತೇ ಇದೆಯಾ ನೋಡಿ. ಆಮೇಲೆ ಚೀಟಿ ಒಳಗೆ ಬೀಳುತ್ತದೆ. ಅದನ್ನು ಮನೆಗೆ ಕೊಡುವುದಿಲ್ಲ, ಕೇಳಬೇಡ್ರಿ.